ಲೆಕ್ಕದ ಒಳಗಿನ ಲೆಕ್ಕ

ರಸ್ತೆಯ ನಡುವೆ ಹಸುವೊಂದು ನಿಂತಿದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದ ಕಾರು ಬ್ರೇಕ್ ಹಾಕಿ, ಹಸುವಿಗೆ ಇನ್ನೇನು ತಾಗಬೇಕು ಎನ್ನುವಷ್ಟರಲ್ಲಿ ನಿಂತಿತು. ಅದೇ ಕಾರು 50 ಕಿಲೋಮೀಟರ್ ವೇಗದಲ್ಲಿ ಬಂದು, ಅದೇ ಜಾಗದಲ್ಲಿ, ಅಷ್ಟೇ ಬಲವಾಗಿ ಬ್ರೇಕ್ ಹಾಕಿದ್ದರೆ ಹಸುವಿಗೆ ಎಷ್ಟು ವೇಗದಲ್ಲಿ ಗುದ್ದುತ್ತಿತ್ತು?

ಈ ಪ್ರಶ್ನೆಯನ್ನು ಬಿ.ಎಸ್ಸಿ. ಮೊದಲ ವರ್ಷದವರ ಮುಂದೆ ಇಟ್ಟರೆ ಎರಡು ಬಗೆಯ ಉತ್ತರಗಳನ್ನು ನಿರೀಕ್ಷಿಸಬಹುದು. ಅವಸರದವರು 'ಹತ್ತು' ಎನ್ನುತ್ತಾರೆ. ಐವತ್ತರಲ್ಲಿ ನಲವತ್ತು ಕಳೆದರೆ ಉಳಿಯುವುದು ಅಷ್ಟೇ. ಇನ್ನು ಕೆಲವರು ಪೆನ್ನು ಕೆಳಗಿಟ್ಟು 'ಡೇಟಾ ಸಾಲದು ಸರ್' ಎನ್ನುತ್ತಾರೆ. ಕಾರಿನ ತೂಕ ಕೊಟ್ಟಿಲ್ಲ, ಹಸು ಎಷ್ಟು ದೂರದಲ್ಲಿದೆ ಎಂದು ಹೇಳಿಲ್ಲ, ಬ್ರೇಕಿನ ಬಲ ಗೊತ್ತಿಲ್ಲ. ಹಾಗಿದ್ದ ಮೇಲೆ ಯಾವ ಫಾರ್ಮುಲಾಗೆ ಏನನ್ನು ತುಂಬುವುದು?

ಸರಿಯಾದ ಉತ್ತರ 30. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದ ಗುದ್ದು. ಬ್ರೇಕು ಕಾರಿನಿಂದ ಕಿತ್ತುಕೊಳ್ಳುವುದು ವೇಗವನ್ನಲ್ಲ, ಚಲನಶಕ್ತಿಯನ್ನು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅದೇ ದೂರ, ಅದೇ ಬ್ರೇಕು ಎಂದರೆ ಎರಡು ಸಲವೂ ಕಳೆದುಹೋಗುವ ಶಕ್ತಿ ಒಂದೇ. ಮೊದಲ ಸಲ ಹೋದದ್ದು 40ರ ವರ್ಗ, ಅಂದರೆ 1600. ಎರಡನೆಯ ಸಲ ಕೈಯಲ್ಲಿದ್ದದ್ದು 50ರ ವರ್ಗ, 2500. ಉಳಿದದ್ದು 900, ಅದರ ವರ್ಗಮೂಲ 30. ತೂಕವೂ ಬೇಕಿಲ್ಲ, ದೂರವೂ ಬೇಕಿಲ್ಲ, ಕಿಲೋಮೀಟರನ್ನು ಮೀಟರ್ ಮಾಡುವ ಗೋಜೂ ಇಲ್ಲ. ಚಾಲಕ ಹಸುವನ್ನು ಕಂಡು ಬ್ರೇಕ್ ಒತ್ತುವುದರೊಳಗೆ ಕಾರು ಓಡುವ ದೂರವನ್ನು ನಾವಿಲ್ಲಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದನ್ನೂ ಸೇರಿಸಿದರೆ ಗುದ್ದು ಇನ್ನೂ ಜೋರಾಗುತ್ತದೆ.

ವಿದ್ಯಾರ್ಥಿಗಳಿಗೆ ಇಲ್ಲಿ ಕೊರತೆಯಾದದ್ದು ಫಾರ್ಮುಲಾ ಅಲ್ಲ. ವೇಗ, ದೂರ, ವೇಗೋತ್ಕರ್ಷಗಳನ್ನು ಜೋಡಿಸುವ ಸಮೀಕರಣ ಪಿಯುಸಿ ಮುಗಿಸಿದ ಎಲ್ಲರಿಗೂ ಬಾಯಿಪಾಠ. ಈ ಪ್ರಶ್ನೆ ಕಾರಿನದ್ದೂ ಅಲ್ಲ, ಹಸುವಿನದ್ದೂ ಅಲ್ಲ, ಶಕ್ತಿಯ ಜಮಾ-ಖರ್ಚಿನದ್ದು ಎಂದು ಗುರುತಿಸುವ ಕಣ್ಣು ಅವರಲ್ಲಿ ಇನ್ನೂ ತೆರೆದಿಲ್ಲ. ಕಾಲೇಜಿನಲ್ಲಿ ಮನೆಗೆಂದು ಕೊಡುವ ಲೆಕ್ಕಗಳೆಲ್ಲ ಇರುವುದು ಆ ಕಣ್ಣನ್ನು ತೆರೆಸುವುದಕ್ಕೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಭೌತಶಾಸ್ತ್ರಕ್ಕೆ ಮಾತ್ರವಲ್ಲ, ಸಂಖ್ಯಾಶಾಸ್ತ್ರಕ್ಕೂ ಅರ್ಥಶಾಸ್ತ್ರಕ್ಕೂ ಈ ಮಾತು ಅಷ್ಟೇ ಸಲ್ಲುತ್ತದೆ.

ಇದಕ್ಕೆ ಒಳ್ಳೆಯ ಪುರಾವೆಯೊಂದಿದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಿಷೆಲಿನ್ ಚಿ ಮತ್ತು ಸಹೋದ್ಯೋಗಿಗಳು 1981ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ನಮ್ಮ ವಿದ್ಯಾರ್ಥಿಗಳೂ ಓದುವ ಹ್ಯಾಲಿಡೇ-ರೆಸ್ನಿಕ್ ಪಠ್ಯಪುಸ್ತಕದಿಂದ 24 ಲೆಕ್ಕಗಳನ್ನು ಆರಿಸಿ, ಒಂದೊಂದನ್ನೂ ಒಂದೊಂದು ಕಾರ್ಡಿನ ಮೇಲೆ ಬರೆದರು. 'ಇವನ್ನು ಬಿಡಿಸಬೇಡಿ, ಒಂದೇ ಬಗೆಯವು ಎನಿಸುವುದನ್ನು ಒಟ್ಟಿಗೆ ಇಡಿ' ಎಂದಷ್ಟೇ ಕೇಳಿದರು. ಹೊಸಬರು ಇಳಿಜಾರಿನ ಲೆಕ್ಕಗಳನ್ನೆಲ್ಲ ಒಂದು ಕಡೆ, ಸ್ಪ್ರಿಂಗ್ ಇರುವುದನ್ನೆಲ್ಲ ಇನ್ನೊಂದು ಕಡೆ, ರಾಟೆಯಿರುವುದನ್ನು ಮತ್ತೊಂದು ಕಡೆ ಇಟ್ಟರು. ಪಿಎಚ್.ಡಿ. ಹಂತದವರು ಇಟ್ಟ ಗುಂಪುಗಳೇ ಬೇರೆ: ಇವು ಶಕ್ತಿ ಸಂರಕ್ಷಣೆಯವು, ಇವು ನ್ಯೂಟನ್ನನ ಎರಡನೆಯ ನಿಯಮದವು. ಸ್ಪ್ರಿಂಗಿನ ಲೆಕ್ಕವೂ ಇಳಿಜಾರಿನ ಲೆಕ್ಕವೂ ಅವರ ಕೈಯಲ್ಲಿ ಒಂದೇ ಗುಂಪಿಗೆ ಬಿದ್ದವು. ಇಬ್ಬರೂ ಓದಿದ್ದು ಅವೇ ವಾಕ್ಯಗಳನ್ನು. ಒಬ್ಬರಿಗೆ ಕಂಡದ್ದು ಲೆಕ್ಕದ ಹೊರಮೈ, ಇನ್ನೊಬ್ಬರಿಗೆ ಒಳಗಿನ ತತ್ವ.

ಹಾಸ್ಟೆಲಿನ ಕೋಣೆಗಳಲ್ಲಿ ಅಸೈನ್‌ಮೆಂಟಿನ ಹಿಂದಿನ ರಾತ್ರಿ ಕೇಳಿಬರುವ ಮೊದಲ ಪ್ರಶ್ನೆ 'ಯಾವ ಫಾರ್ಮುಲಾ ಹಾಕ್ಬೇಕು?' ಎಂಬುದು. ಹೊರಮೈ ನೋಡುವವರು ಕೇಳುವ ಪ್ರಶ್ನೆ ಅದು. ಕೊಟ್ಟಿರುವ ಸಂಖ್ಯೆಗಳು ಯಾವ ಸೂತ್ರಕ್ಕೆ ಹೊಂದುತ್ತವೆ ಎಂದು ಹುಡುಕಿ, ಅದಕ್ಕೆ ಅವನ್ನು ತುಂಬಿ, ಕ್ಯಾಲ್ಕುಲೇಟರ್ ಒತ್ತುವುದು ಅದರ ಮುಂದಿನ ಹಾದಿ. ಸಂಖ್ಯೆಯೊಂದು ಹೆಚ್ಚಾದರೂ ಕಡಿಮೆಯಾದರೂ ಆ ಹಾದಿ ಅಲ್ಲೇ ಕಟ್ಟುತ್ತದೆ.

ಕಾರಿನ ಲೆಕ್ಕವನ್ನೇ ಸಾಮಾನ್ಯ ಪಠ್ಯಪುಸ್ತಕದ ರೂಪದಲ್ಲಿ ನೋಡಿ. 1200 ಕಿಲೋಗ್ರಾಂ ದ್ರವ್ಯರಾಶಿಯ ಕಾರು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಟೈರಿಗೂ ರಸ್ತೆಗೂ ನಡುವಿನ ಘರ್ಷಣಾಂಕ 0.7, ಬ್ರೇಕ್ ಹಾಕಿದ ಮೇಲೆ ಎಷ್ಟು ದೂರದಲ್ಲಿ ನಿಲ್ಲುತ್ತದೆ? ಮೊದಲ ಸಾಲಿನಿಂದಲೇ ಸಂಖ್ಯೆ ತುಂಬುವವರು 1200ನ್ನು 9.8ರಿಂದ ಗುಣಿಸುತ್ತಾರೆ, ಅದನ್ನು 0.7ರಿಂದ ಗುಣಿಸಿ 8232 ನ್ಯೂಟನ್ ಎಂದು ಬರೆಯುತ್ತಾರೆ, ಚಲನಶಕ್ತಿಯನ್ನು 2,40,000 ಜೂಲ್ ಎಂದು ಕಂಡುಹಿಡಿಯುತ್ತಾರೆ, ಒಂದನ್ನು ಇನ್ನೊಂದರಿಂದ ಭಾಗಿಸಿ ಸುಮಾರು 29 ಮೀಟರ್ ಎನ್ನುತ್ತಾರೆ. ಉತ್ತರ ಸರಿ, ಅಂಕವೂ ಸಿಗುತ್ತದೆ. ಆದರೆ ಆ ದಾರಿಯಲ್ಲಿ ಒಂದು ಸೊಗಸಾದ ಸಂಗತಿ ಕಣ್ಣಿಗೆ ಬೀಳದೆ ಹೋಯಿತು. ಸಂಖ್ಯೆಗಳನ್ನು ಕೊನೆಯವರೆಗೂ ತಡೆದಿಟ್ಟು ಅಕ್ಷರಗಳಲ್ಲೇ ಬಿಡಿಸಿದವರಿಗೆ ಎರಡನೆಯ ಸಾಲಿನಲ್ಲೇ ದ್ರವ್ಯರಾಶಿ ಎರಡೂ ಕಡೆಯಿಂದ ಹೊಡೆದುಹೋಗುವುದು ಕಾಣುತ್ತದೆ. ಉಳಿಯುವುದಿಷ್ಟು: ವೇಗದ ವರ್ಗವನ್ನು, ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ದೂರ. 1200 ಎಂಬ ಸಂಖ್ಯೆ ಪ್ರಶ್ನೆಯಲ್ಲಿ ಇದ್ದೂ ಉತ್ತರಕ್ಕೆ ಬೇಡವಾದದ್ದು.

ಈ ಒಂದು ಸಾಲು ಕೈಗೆ ಸಿಕ್ಕಿದ ಮೇಲೆ ಅದನ್ನು ಎಷ್ಟು ಬಗೆಯಲ್ಲಿ ಪ್ರಶ್ನಿಸಬಹುದು ನೋಡಿ. ಮೀಟರಿನ ವರ್ಗವನ್ನು ಸೆಕೆಂಡಿನ ವರ್ಗದಿಂದ ಭಾಗಿಸಿದ್ದು ಮೇಲೆ, ಮೀಟರನ್ನು ಸೆಕೆಂಡಿನ ವರ್ಗದಿಂದ ಭಾಗಿಸಿದ್ದು ಕೆಳಗೆ. ಉಳಿಯುವ ಏಕಮಾನ ಮೀಟರ್, ಹಾಗಾಗಿ ದಾರಿ ತಪ್ಪಿಲ್ಲ. ಮಳೆ ಬಂದು ಘರ್ಷಣಾಂಕ ಸೊನ್ನೆಯ ಕಡೆಗೆ ಇಳಿದರೆ ದೂರ ಅನಂತಕ್ಕೆ ಏರುತ್ತದೆ. ಘರ್ಷಣೆಯೇ ಇಲ್ಲದ ರಸ್ತೆಯಲ್ಲಿ ಗಾಡಿ ನಿಲ್ಲುವುದಿಲ್ಲ, ಇದೂ ಸರಿ. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು. 36 ಕಿಲೋಮೀಟರ್ ವೇಗಕ್ಕೆ ಏಳು ಚಿಲ್ಲರೆ ಮೀಟರ್ ಸಾಕು, 72ಕ್ಕೆ ಇಪ್ಪತ್ತೊಂಬತ್ತು ಬೇಕು. ಹಾಗಾದರೆ ತುಂಬಿದ ಲಾರಿಯೂ ಕಾರಿನಷ್ಟೇ ದೂರದಲ್ಲಿ ನಿಲ್ಲಬೇಕಲ್ಲವೇ? ರಸ್ತೆಯಲ್ಲಿ ಹಾಗಾಗುವುದಿಲ್ಲ. ಲಾರಿಯ ಟೈರು ಬೇರೆ, ಗಾಳಿಯೊತ್ತಡದ ಬ್ರೇಕು ಹಿಡಿಯುವುದಕ್ಕೆ ಹೊತ್ತು ಬೇಕು. ನಮ್ಮ ಲೆಕ್ಕ ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆ ಅಲ್ಲ ಎನ್ನುವುದು ಇದರಿಂದ ತಿಳಿಯುತ್ತದೆ. ಕ್ಯಾಲ್ಕುಲೇಟರ್ ತೋರಿಸಿದ 29.15 ಎಂಬ ಸಂಖ್ಯೆಯಿಂದ ಇವುಗಳಲ್ಲಿ ಒಂದೂ ತಿಳಿಯುವುದಿಲ್ಲ.

ಸಂಖ್ಯಾಶಾಸ್ತ್ರಕ್ಕೆ ಬಂದರೆ ಇದೇ ಕಷ್ಟ ಹೆಚ್ಚು ಅಪಾಯದ ರೂಪ ತಾಳುತ್ತದೆ. ಅಲ್ಲಿ ತಪ್ಪು ಉತ್ತರಕ್ಕೂ ಸರಿಯಾದ ಉತ್ತರದ ಮುಖವೇ ಇರುತ್ತದೆ.

1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ ಆಸ್ಪತ್ರೆಗಳಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ಸೇರಿ 60 ಜನರಿಗೆ ಒಂದು ಪ್ರಶ್ನೆ ಕೇಳಲಾಯಿತು. ಸಾವಿರಕ್ಕೆ ಒಬ್ಬರಿಗೆ ಇರುವ ಕಾಯಿಲೆ. ಅದನ್ನು ಪತ್ತೆ ಮಾಡುವ ಪರೀಕ್ಷೆ, ಕಾಯಿಲೆ ಇಲ್ಲದವರಲ್ಲಿ ನೂರಕ್ಕೆ 5 ಜನರಿಗೆ ತಪ್ಪಾಗಿ 'ಇದೆ' ಎನ್ನುತ್ತದೆ. ಒಬ್ಬ ವ್ಯಕ್ತಿಗೆ ಪರೀಕ್ಷೆ ಪಾಸಿಟಿವ್ ಬಂದಿದೆ. ಅವನ ರೋಗಲಕ್ಷಣಗಳ ಬಗ್ಗೆ ಏನೂ ಗೊತ್ತಿಲ್ಲ. ಅವನಿಗೆ ನಿಜವಾಗಿ ಕಾಯಿಲೆ ಇರುವ ಸಂಭವನೀಯತೆ ಎಷ್ಟು? ಹೆಚ್ಚುಕಡಿಮೆ ಅರ್ಧದಷ್ಟು ಜನ ಶೇ 95 ಎಂದರು. ಸರಿಯಾದ ಉತ್ತರ ಕೊಟ್ಟವರು 11 ಜನ ಮಾತ್ರ. ಆ ಉತ್ತರ ಸುಮಾರು ಶೇ 2.

ಬೇಯ್ಸ್ ಪ್ರಮೇಯ ಗೊತ್ತಿರುವ ವಿದ್ಯಾರ್ಥಿ ಇದಕ್ಕೆ ಉದ್ದದ ಭಿನ್ನರಾಶಿಯೊಂದನ್ನು ಬರೆಯಲು ಹೊರಡುತ್ತಾನೆ, ಮೇಲೆ ಬರಬೇಕಾದದ್ದು ಯಾವುದು, ಕೆಳಗೆ ಬರಬೇಕಾದದ್ದು ಯಾವುದು ಎಂಬಲ್ಲಿ ತಡವರಿಸುತ್ತಾನೆ. ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗೆರೆಂಜರ್ ಇದಕ್ಕೆ ಸುಲಭದ ದಾರಿಯೊಂದನ್ನು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ: ಶೇಕಡಾವಾರು ಬಿಡಿ, ತಲೆ ಎಣಿಸಿ. ಒಂದು ಊರಿನಲ್ಲಿ 1000 ಜನ ಇದ್ದಾರೆ ಎಂದುಕೊಳ್ಳಿ. ಕಾಯಿಲೆ ಇರುವುದು ಒಬ್ಬರಿಗೆ. ಪರೀಕ್ಷೆ ಅವರನ್ನು ಹಿಡಿಯುತ್ತದೆ. ಉಳಿದ 999 ಆರೋಗ್ಯವಂತರಲ್ಲಿ ಶೇ 5, ಅಂದರೆ ಸುಮಾರು 50 ಜನರಿಗೂ ಪಾಸಿಟಿವ್ ಬರುತ್ತದೆ. ಪಾಸಿಟಿವ್ ಚೀಟಿ ಹಿಡಿದು ಸಾಲಿನಲ್ಲಿ ನಿಂತವರು ಒಟ್ಟು 51. ಅವರಲ್ಲಿ ನಿಜವಾದ ರೋಗಿ ಒಬ್ಬ. 51ರಲ್ಲಿ 1 ಎಂದರೆ ಸುಮಾರು ಶೇ 2. ಸೂತ್ರದ ಹೆಸರೇ ತಿಳಿಯದವರೂ ಈ ಲೆಕ್ಕ ಮಾಡಬಲ್ಲರು. ಮಾಡಿದ ಮೇಲೆ ಬೇಯ್ಸ್ ಪ್ರಮೇಯವನ್ನು ನೋಡಿದರೆ ಅದರ ಒಂದೊಂದು ಭಾಗವೂ ಯಾವ ಜನರ ಗುಂಪು ಎಂದು ಗುರುತಿಸಬಹುದು.

ಗಮನಿಸುವವರು ಈಗಾಗಲೇ ಒಂದು ಆಕ್ಷೇಪ ಎತ್ತಿರುತ್ತಾರೆ. ಕಾಯಿಲೆ ಇರುವವರಲ್ಲಿ ಎಷ್ಟು ಜನರನ್ನು ಪರೀಕ್ಷೆ ಹಿಡಿಯುತ್ತದೆ ಎಂದು ಪ್ರಶ್ನೆಯಲ್ಲಿ ಹೇಳಿಯೇ ಇಲ್ಲ. ನಾವು ಎಲ್ಲರನ್ನೂ ಹಿಡಿಯುತ್ತದೆ ಎಂದು ಭಾವಿಸಿದೆವು. ಆಕ್ಷೇಪ ನ್ಯಾಯವಾದದ್ದು. ಇಂಥ ಊಹೆಯನ್ನು ಉತ್ತರದಲ್ಲಿ ಬರೆದು ಮುಂದುವರಿಯುವ ವಿದ್ಯಾರ್ಥಿಗೆ, ಬರೆಯದೆ ಅದೇ ಉತ್ತರ ತಂದವನಿಗಿಂತ ಒಂದು ಅಂಕ ಹೆಚ್ಚು ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಇದೇ ತತ್ವ ಸಂಖ್ಯಾಶಾಸ್ತ್ರದ ಇನ್ನೊಂದು ಅಧ್ಯಾಯದಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಪ್ರಾಕ್ಕಲ್ಪನೆಯ ಪರೀಕ್ಷೆ ಮಾಡಿ, ಪಿ ಮೌಲ್ಯ 0.03 ಎಂದು ಬಂದಾಗ, 'ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವನೀಯತೆ ಶೇ 3' ಎಂದು ಬರೆಯುವವರು ಬಹಳ. ಅದು ಹಾಗಲ್ಲ. ಶೂನ್ಯ ಪ್ರಾಕ್ಕಲ್ಪನೆ ನಿಜ ಎಂದಿಟ್ಟುಕೊಂಡರೆ ಇಷ್ಟು ಅಥವಾ ಇದಕ್ಕಿಂತ ವಿಪರೀತವಾದ ಅಂಕಿಅಂಶ ಸಿಗುವ ಸಂಭವನೀಯತೆ ಅದು. ಕಾಯಿಲೆ ಇಲ್ಲದವರಲ್ಲಿ ಎಷ್ಟು ಜನ ಪಾಸಿಟಿವ್ ಎಂಬುದನ್ನು, ಪಾಸಿಟಿವ್ ಬಂದವರಲ್ಲಿ ಎಷ್ಟು ಜನಕ್ಕೆ ಕಾಯಿಲೆ ಇಲ್ಲ ಎಂದು ಓದಿಕೊಂಡ ತಪ್ಪೇ ಇಲ್ಲೂ ಆಗಿರುವುದು. ಸಂಶೋಧಕರೂ ಇದರಲ್ಲಿ ಎಡವುತ್ತಿದ್ದುದರಿಂದ ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಪಿ ಮೌಲ್ಯದ ಬಗ್ಗೆ ಹೇಳಿಕೆಯನ್ನೇ ಹೊರಡಿಸಬೇಕಾಯಿತು. ಎರಡು ಅಧ್ಯಾಯಗಳ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು, 'ಯಾರ ಗುಂಪಿನಲ್ಲಿ ಯಾರನ್ನು ಎಣಿಸುತ್ತಿದ್ದೇನೆ?' ಎಂದು ಕೇಳಿಕೊಂಡವರಿಗೆ ಎರಡೂ ಒಂದೇ ಲೆಕ್ಕ.

ಸೂತ್ರವೊಂದು ಯಾರ ಕಷ್ಟದಿಂದ ಹುಟ್ಟಿತು ಎಂದು ತಿಳಿಯುವುದೂ ಈ ಕಣ್ಣಿಗೆ ನೆರವಾಗುತ್ತದೆ. ಬಿ.ಕಾಂ., ಬಿ.ಎಸ್ಸಿ. ಎರಡರಲ್ಲೂ ಬರುವ ಟಿ ಪರೀಕ್ಷೆಯನ್ನು ರೂಪಿಸಿದ ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. ಬಾರ್ಲಿಯ ಗುಣಮಟ್ಟ ಪರೀಕ್ಷಿಸಲು ಅವನ ಕೈಯಲ್ಲಿ ಇರುತ್ತಿದ್ದದ್ದು ನಾಲ್ಕಾರು ಮಾದರಿಗಳು ಮಾತ್ರ. ಆಗಿನ ಸಿದ್ಧಾಂತ ನಡೆಯುತ್ತಿದ್ದದ್ದು ದೊಡ್ಡ ಮಾದರಿಗಳ ಮೇಲೆ. ಮಾದರಿ ಚಿಕ್ಕದಾದಾಗ ಮಾನಕ ವಿಚಲನೆಯ ಅಂದಾಜೇ ಅಲುಗಾಡುತ್ತದೆ, ಆ ಅಲುಗಾಟವನ್ನೂ ಲೆಕ್ಕಕ್ಕೆ ತರಬೇಕು ಎಂದು ಕಂಡುಕೊಂಡ ಗಾಸೆಟ್ 1908ರಲ್ಲಿ ತನ್ನ ಪ್ರಬಂಧ ಪ್ರಕಟಿಸಿದ. ಇಷ್ಟು ತಿಳಿದವರು 'ಟಿ ಹಾಕಬೇಕೋ ಝಡ್ ಹಾಕಬೇಕೋ' ಎಂದು ಗೈಡಿನ ಕೋಷ್ಟಕ ನೋಡಬೇಕಾಗಿಲ್ಲ. ಜನಸಮೂಹದ ಮಾನಕ ವಿಚಲನೆ ಗೊತ್ತಿದೆಯೇ, ಇಲ್ಲವೇ, ಮಾದರಿ ಎಷ್ಟು ಚಿಕ್ಕದು ಎಂದು ಕೇಳಿಕೊಂಡರೆ ಸಾಕು.

ಇನ್ನು ಅರ್ಥಶಾಸ್ತ್ರ. ಇಲ್ಲಿ ವಿದ್ಯಾರ್ಥಿಯನ್ನು ದಾರಿ ತಪ್ಪಿಸುವುದು ಹೆಚ್ಚಾಗಿ ಮೊದಲೇ ಮನಸ್ಸಿನಲ್ಲಿ ಕೂತ ನಂಬಿಕೆ. ಒಂದು ವಸ್ತುವಿನ ಬೇಡಿಕೆ, 120ರಿಂದ ಬೆಲೆಯ ಎರಡರಷ್ಟನ್ನು ಕಳೆದಷ್ಟು. ಪೂರೈಕೆ, ಬೆಲೆಯ ನಾಲ್ಕರಷ್ಟು. ಎರಡೂ ಸಮವಾಗುವುದು ಬೆಲೆ ₹20 ಇದ್ದಾಗ. ಆಗ ಮಾರಾಟವಾಗುವುದು 80 ವಸ್ತು. ಈಗ ಸರ್ಕಾರ ವಸ್ತುವೊಂದಕ್ಕೆ ₹6 ತೆರಿಗೆ ಹಾಕಿ ಮಾರುವವರಿಂದ ವಸೂಲು ಮಾಡುತ್ತದೆ. ತೆರಿಗೆಯ ಹೊರೆ ಯಾರ ಮೇಲೆ? 'ಮಾರುವವರ ಮೇಲೆ, ಕಟ್ಟುವವರು ಅವರೇ ತಾನೆ' ಎನ್ನುವವರಿದ್ದಾರೆ. 'ಎಲ್ಲವನ್ನೂ ಗಿರಾಕಿಯ ತಲೆಗೇ ಕಟ್ಟುತ್ತಾರೆ' ಎನ್ನುವವರೂ ಇದ್ದಾರೆ.

ಬಿಡಿಸಿ ನೋಡೋಣ. ಗಿರಾಕಿ ಕೊಡುವ ಬೆಲೆಯಲ್ಲಿ 6 ಕಳೆದದ್ದು ಮಾರುವವರ ಕೈಗೆ ಸಿಗುವುದು. ಅವರ ಪೂರೈಕೆ ಅದರ ನಾಲ್ಕರಷ್ಟು. ಸಮೀಕರಣ ಬಿಡಿಸಿದರೆ ಗಿರಾಕಿ ಕೊಡುವ ಬೆಲೆ ₹24, ಮಾರುವವರಿಗೆ ಉಳಿಯುವುದು ₹18, ಮಾರಾಟ 72. ಆರು ರೂಪಾಯಿಯಲ್ಲಿ ನಾಲ್ಕು ಗಿರಾಕಿಯದು, ಎರಡು ಮಾರುವವರದು. ಇಲ್ಲಿಗೆ ನಿಲ್ಲಿಸದೆ ಇನ್ನೊಂದು ಸಲ ಬಿಡಿಸಿ: ಈ ಬಾರಿ ತೆರಿಗೆಯನ್ನು ಕೊಳ್ಳುವವರಿಂದ ವಸೂಲು ಮಾಡಿ. ಅಂಗಡಿಯಲ್ಲಿ ಬೆಲೆ ₹18 ಆಗುತ್ತದೆ, ಗಿರಾಕಿ ಮೇಲೆ ₹6 ಸೇರಿಸಿ ₹24 ಕೊಡುತ್ತಾನೆ, ಮಾರಾಟ ಮತ್ತೆ 72. ಉತ್ತರ ಒಂದು ಕೂದಲಷ್ಟೂ ಬದಲಾಗಲಿಲ್ಲ. ತೆರಿಗೆಯ ಚೀಟಿ ಯಾರ ಹೆಸರಿಗೆ ಬರುತ್ತದೆ ಎಂಬುದಕ್ಕೂ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೂ ಈ ಮಾದರಿಯಲ್ಲಿ ಸಂಬಂಧವೇ ಇಲ್ಲ. ಬೆಲೆ ಬದಲಾದಾಗ ಯಾರು ಸುಲಭವಾಗಿ ಹಿಂದೆ ಸರಿಯಲಾರರೋ ಅವರ ಮೇಲೆ ಹೆಚ್ಚು ಹೊರೆ. ಇಲ್ಲಿ ಬೆಲೆ ಒಂದು ರೂಪಾಯಿ ಬದಲಾದರೆ ಮಾರುವವರು ನಾಲ್ಕು ವಸ್ತುಗಳಷ್ಟು ಕದಲುತ್ತಾರೆ, ಕೊಳ್ಳುವವರು ಎರಡರಷ್ಟೇ. ಹಾಗಾಗಿ ಕೊಳ್ಳುವವರ ಪಾಲು ಮಾರುವವರ ಪಾಲಿನ ಎರಡರಷ್ಟು. ಎರಡು ದಾರಿಯಲ್ಲಿ ಬಿಡಿಸಿದ್ದರಿಂದ ಉತ್ತರ ತಾಳೆಯಾಯಿತು, ಜೊತೆಗೆ ಒಂದು ತತ್ವವೂ ಸಿಕ್ಕಿತು. ಒಂದೇ ದಾರಿಯಲ್ಲಿ ಹೋದವರಿಗೆ 24 ಎಂಬ ಸಂಖ್ಯೆ ಮಾತ್ರ ಸಿಗುತ್ತದೆ.

ಈ ಲೆಕ್ಕಕ್ಕೆ ಚಿತ್ರ ಬಿಡಿಸುವಾಗ ವಿಜ್ಞಾನ ಓದಿ ಬಂದವರು ಗೊಂದಲಕ್ಕೆ ಬೀಳುತ್ತಾರೆ. ಬೇಡಿಕೆ ಬೆಲೆಯನ್ನು ಅವಲಂಬಿಸಿದೆ ಎಂದ ಮೇಲೆ ಬೆಲೆ ಅಡ್ಡ ರೇಖೆಯ ಮೇಲೆ ಇರಬೇಕಿತ್ತು. ಅರ್ಥಶಾಸ್ತ್ರದವರು ಅದನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಇದು ಆಲ್ಫ್ರೆಡ್ ಮಾರ್ಷಲ್ 1890ರ ತನ್ನ ಗ್ರಂಥದಲ್ಲಿ ಗಟ್ಟಿಮಾಡಿದ ರೂಢಿ. ಇಷ್ಟು ಪ್ರಮಾಣ ಮಾರಾಟವಾಗಬೇಕಾದರೆ ಎಷ್ಟು ಬೆಲೆ ಎಂಬುದು ಅವನು ಕೇಳಿದ ಕ್ರಮ. ರೂಢಿ ತಿಳಿದಿದ್ದರೆ ಸಾಕು, ಇಳಿಜಾರನ್ನು ತಲೆಕೆಳಗಾಗಿ ಓದುವ ತಪ್ಪು ನಿಲ್ಲುತ್ತದೆ.

ಸ್ಥಿತಿಸ್ಥಾಪಕತ್ವದ ಲೆಕ್ಕವನ್ನು ಕೋಲಾರದ ಟೊಮೆಟೊ ಮಾರುಕಟ್ಟೆಯ ಸುದ್ದಿ ಓದುತ್ತ ಬೆಳೆದವರಿಗೆ ಬೇರೆ ಉದಾಹರಣೆಯೊಂದಿಗೆ ಕಲಿಸಬೇಕಾಗಿಲ್ಲ. ಬೇಡಿಕೆಯ ಸ್ಥಿತಿಸ್ಥಾಪಕತ್ವ 0.4 ಎಂದು ಲೆಕ್ಕ ಕೊಡುತ್ತದೆ ಎನ್ನಿ. ಬೆಲೆ ಶೇ 10 ಇಳಿದರೆ ಜನ ಕೊಳ್ಳುವುದು ಶೇ 4 ಮಾತ್ರ ಹೆಚ್ಚುತ್ತದೆ. ಇದನ್ನೇ ತಿರುಗಿಸಿ ಓದಿದರೆ: ಬೆಳೆ ಶೇ 4 ಹೆಚ್ಚಾಗಿ ಅಷ್ಟೂ ಮಾರಾಟವಾಗಬೇಕಾದರೆ ಬೆಲೆ ಶೇ 10 ಕುಸಿಯಬೇಕು. 1.04ನ್ನು 0.9ರಿಂದ ಗುಣಿಸಿದರೆ 0.936. ಹೆಚ್ಚು ಬೆಳೆದ ವರ್ಷ ರೈತರೆಲ್ಲರ ಒಟ್ಟು ಆದಾಯ ಶೇ 6ಕ್ಕಿಂತ ಹೆಚ್ಚು ಕಡಿಮೆ. ಇಳುವರಿ ಚೆನ್ನಾಗಿ ಬಂದಾಗಲೇ ಟೊಮೆಟೊ ರಸ್ತೆಬದಿಗೆ ಬೀಳುವುದು ಏಕೆ ಎಂಬುದಕ್ಕೆ ಎರಡು ಅಂಕದ ಪ್ರಶ್ನೆಯೊಳಗೇ ಉತ್ತರವಿದೆ. ಇದು ಹೊಸ ತಿಳಿವಳಿಕೆಯೂ ಅಲ್ಲ. 1699ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡೇವನೆಂಟ್ ಪ್ರಕಟಿಸಿದ ಕೋಷ್ಟಕವೊಂದರಲ್ಲಿ ಧಾನ್ಯದ ಬೆಳೆ ಹತ್ತರಲ್ಲಿ ಒಂದು ಪಾಲು ಕುಗ್ಗಿದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ ಎಂದಿದೆ.

ಮೂರು ವಿಷಯಗಳಲ್ಲೂ ಕಣ್ಣು ತೆರೆಯುವ ಗಳಿಗೆ ಬರುವುದು ಉತ್ತರಕ್ಕೆ ಮುಂಚೆ, ಇಲ್ಲವೇ ಉತ್ತರದ ನಂತರ. ಇದು ಯಾವುದರ ಲೆಕ್ಕ ಎಂದು ತಡವರಿಸುವಾಗ ಒಮ್ಮೆ, ಸಿಕ್ಕ ಉತ್ತರವನ್ನು ತಿರುಗಿಸಿ ಮುರುಗಿಸಿ ನೋಡುವಾಗ ಇನ್ನೊಮ್ಮೆ. ಝೆರಾಕ್ಸ್ ಅಂಗಡಿಯ ಸಾಲ್ವ್ಡ್ ಪೇಪರಿನಿಂದಲೋ, ಪಕ್ಕದವರ ಪುಸ್ತಕದಿಂದಲೋ, ಈಗ ಮೊಬೈಲಿನ ಎಐಯಿಂದಲೋ ಇಳಿಸಿಕೊಂಡಾಗ ಕೈತಪ್ಪುವುದು ಸರಿಯಾಗಿ ಈ ಎರಡೇ ಗಳಿಗೆಗಳು. ಟರ್ಕಿಯ ಪ್ರೌಢಶಾಲೆಯೊಂದರ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಅಳೆದು ತೋರಿಸಿತು. ಗಣಿತದ ಅಭ್ಯಾಸದ ವೇಳೆ ಎಐ ಬಳಸಿದವರು ಆ ಹೊತ್ತಿಗೆ ಬಳಸದವರಿಗಿಂತ ಶೇ 48ರಷ್ಟು ಚೆನ್ನಾಗಿ ಲೆಕ್ಕ ಮಾಡಿದರು. ಅದನ್ನು ಕಸಿದುಕೊಂಡು ಪರೀಕ್ಷೆ ಕೊಟ್ಟಾಗ ಶೇ 17ರಷ್ಟು ಹಿಂದೆ ಬಿದ್ದರು. ಉತ್ತರ ಹೇಳದೆ ಶಿಕ್ಷಕರು ರೂಪಿಸಿದ ಸುಳಿವುಗಳನ್ನು ಮಾತ್ರ ಕೊಡುವಂತೆ ಅದೇ ಎಐಯನ್ನು ಕಟ್ಟಿಹಾಕಿದ ಇನ್ನೊಂದು ಗುಂಪಿಗೆ ಈ ಹಾನಿ ಬಹುಪಾಲು ತಪ್ಪಿತು. ಸಹಾಯ ಕೇಳುವುದರಲ್ಲಿ ತಪ್ಪಿಲ್ಲ. ಏನನ್ನು ಕೇಳುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಬಿಡಿಸಿದ ಲೆಕ್ಕ ಓದುವುದನ್ನೇ ಪಾಪವೆಂದು ಬಗೆಯುವ ಅಧ್ಯಾಪಕರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತ ಕಲಿಯುವವರ ಮೇಲೆ ಮಾಡಿದ ಪ್ರಯೋಗಗಳು ತೋರಿಸಿದಂತೆ, ಒಂದು ವಿಷಯಕ್ಕೆ ಹೊಸಬರಾದವರು ಬರಿಗೈಯಲ್ಲಿ ಲೆಕ್ಕದ ಜೊತೆ ಗುದ್ದಾಡುವುದಕ್ಕಿಂತ ಬಿಡಿಸಿದ ಮಾದರಿಗಳನ್ನು ಓದಿ ಬೇಗ ಕಲಿಯುತ್ತಾರೆ. ಆದರೆ ಓದುವ ರೀತಿ ಒಂದಿದೆ. ಮೇಲೆ ಹೇಳಿದ ಮಿಷೆಲಿನ್ ಚಿ ಅವರೇ 1989ರಲ್ಲಿ, ಭೌತಶಾಸ್ತ್ರದ ಬಿಡಿಸಿದ ಲೆಕ್ಕಗಳನ್ನು ಓದುತ್ತಿದ್ದ ವಿದ್ಯಾರ್ಥಿಗಳು ತಮ್ಮಷ್ಟಕ್ಕೆ ಆಡಿಕೊಳ್ಳುವ ಮಾತುಗಳನ್ನು ದಾಖಲಿಸಿದರು. ಮುಂದೆ ಚೆನ್ನಾಗಿ ಲೆಕ್ಕ ಮಾಡಿದವರು ಪ್ರತಿ ಸಾಲಿಗೂ 'ಇದು ಇಲ್ಲಿಗೆ ಏಕೆ ಬಂತು' ಎಂದು ತಮಗೆ ತಾವೇ ವಿವರಿಸಿಕೊಳ್ಳುತ್ತಿದ್ದವರು. ಉಳಿದವರು ಸಾಲುಗಳನ್ನು ಮತ್ತೆ ಮತ್ತೆ ಓದುತ್ತಿದ್ದರು, ಅಷ್ಟೇ.

ನಮ್ಮ ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳಿಗೆ ಕನ್ನಡ ಮಾಧ್ಯಮದಿಂದ ಬರುವ ಮಕ್ಕಳಿಗೆ ಇದನ್ನು ವಿಶೇಷವಾಗಿ ಹೇಳಬೇಕು. ಪ್ರಶ್ನೆ ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ಅರೆಬರೆ ಅರ್ಥಮಾಡಿಕೊಂಡು ಸಂಖ್ಯೆಗಳ ಕಡೆ ಓಡುವುದು ಸಹಜ. ಓಡುವ ಮೊದಲು ಪ್ರಶ್ನೆಯನ್ನು ಮುಚ್ಚಿಟ್ಟು, ಅದರ ಕಥೆಯನ್ನು ಪಕ್ಕದಲ್ಲಿ ಕೂತ ಗೆಳತಿಗೆ ಕನ್ನಡದಲ್ಲಿ ಹೇಳಿ. ಏನು ಗೊತ್ತಿದೆ, ಏನನ್ನು ಕೇಳಿದ್ದಾರೆ, ಏನನ್ನು ಹೇಳದೆ ಬಿಟ್ಟಿದ್ದಾರೆ ಎಂಬ ಮೂರನ್ನೂ ಹೇಳಿ. ಹೇಳಲು ಆಗದ ಜಾಗದಲ್ಲೇ ಲೆಕ್ಕ ಸಿಕ್ಕಿಕೊಂಡಿದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಕಥೆ ಹೇಳದೆ ನೇರವಾಗಿ ಸಂಖ್ಯೆಗೆ ಕೈಹಾಕುವುದರಿಂದ, ಈ ಅಭ್ಯಾಸ ಮಾಡಿಕೊಂಡ ಕನ್ನಡ ಮಾಧ್ಯಮದವರು ಅವರಿಗಿಂತ ಮುಂದೆ ಹೋಗಲೂ ಸಾಧ್ಯವಿದೆ.

ಉತ್ತರ ಸಿಕ್ಕ ಮೇಲಿನ ಗಳಿಗೆಯ ಬಗ್ಗೆ ಹಂಗೆರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾನೆ: ಹಿಂತಿರುಗಿ ನೋಡಿ, ಇದೇ ದಾರಿ ಬೇರೆ ಯಾವ ಲೆಕ್ಕಕ್ಕೆ ಸಲ್ಲುತ್ತದೆ ಎಂದು ಕೇಳಿ. ಲೆಕ್ಕವನ್ನು ತುಸು ಬದಲಿಸಿ ಕೇಳುವುದರಿಂದ ಏನಾಗಬಹುದು ಎಂಬುದಕ್ಕೆ ಅದೇ ಸುಮಾರಿಗೆ ನಮ್ಮ ದೇಶದಲ್ಲೇ ಒಂದು ನಿದರ್ಶನ ಸಿಕ್ಕಿತು. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಆಗ ಕಲ್ಕತ್ತೆಯಲ್ಲಿ ಪಾಠ ಮಾಡುತ್ತಿದ್ದ ಎಳೆಯ ಅಧ್ಯಾಪಕ. ಅಂದಾಜುಗಳ ನಿಖರತೆಗೆ ಒಂದು ಮಿತಿ ಇದೆ ಎಂಬ ಫಿಷರನ ಫಲಿತಾಂಶವನ್ನು ತರಗತಿಯಲ್ಲಿ ವಿವರಿಸುತ್ತಿದ್ದರು. ಅದು ಮಾದರಿ ಬಹಳ ದೊಡ್ಡದಾದಾಗ ಸಲ್ಲುವಂಥದ್ದು. ವಿದ್ಯಾರ್ಥಿಯೊಬ್ಬರು ಎದ್ದು, ಮಾದರಿ ಚಿಕ್ಕದಾಗಿದ್ದರೂ ಇಂಥದ್ದೊಂದು ಮಿತಿಯನ್ನು ಸಾಧಿಸಬಹುದಲ್ಲವೇ ಎಂದು ಕೇಳಿದರು. ರಾವ್ ಅಂದು ರಾತ್ರಿ ಅದನ್ನು ಹಿಡಿದು ಕೂತರು, ಬಿಡಿಸಿದರು, ಮರುದಿನ ತರಗತಿಯಲ್ಲಿ ಸಾಧಿಸಿ ತೋರಿಸಿದರು. 1945ರಲ್ಲಿ ಪ್ರಕಟವಾದ ಆ ಫಲಿತಾಂಶವೇ ಇಂದು ಸಂಖ್ಯಾಶಾಸ್ತ್ರದ ಪಠ್ಯಗಳಲ್ಲಿರುವ ಕ್ರಾಮರ್-ರಾವ್ ಅಸಮಾನತೆ. ಪ್ರಶ್ನೆ ಕೇಳಿದ ವಿದ್ಯಾರ್ಥಿ ವಿ.ಎಂ. ದಾಂಡೇಕರ್. ಅವರು ಮುಂದೆ ಅರ್ಥಶಾಸ್ತ್ರಜ್ಞರಾಗಿ, ನೀಲಕಂಠ ರಥ್ ಅವರೊಡನೆ 1971ರಲ್ಲಿ ಭಾರತದ ಬಡತನವನ್ನು ಅಳೆದ ಹೆಸರಾಂತ ಅಧ್ಯಯನವನ್ನು ಪ್ರಕಟಿಸಿದರು.

ಇಂಥ ಪ್ರಶ್ನೆಯನ್ನು ಮೇಲಿನ ಲೆಕ್ಕಗಳಿಗೂ ಕೇಳಬಹುದು. ಹಸು ನಿಂತಿರುವುದು ಇಳಿಜಾರಿನ ರಸ್ತೆಯಲ್ಲಾದರೆ 30 ಎಂಬ ಉತ್ತರ ಬದಲಾಗುತ್ತದೆಯೇ? ಮಾರುವವನು ಒಬ್ಬನೇ ಆಗಿದ್ದರೆ ಆರು ರೂಪಾಯಿ ತೆರಿಗೆ ಹೇಗೆ ಹಂಚಿಕೆಯಾಗುತ್ತದೆ? ಇವೆರಡನ್ನು ಓದುಗರಿಗೇ ಬಿಟ್ಟು ಮೂರನೆಯದನ್ನು ಮಾತ್ರ ಬಿಡಿಸುತ್ತೇನೆ. ಪಾಸಿಟಿವ್ ಬಂದ ಆ ವ್ಯಕ್ತಿ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ, ಮತ್ತೆ ಪಾಸಿಟಿವ್ ಬಂದರೆ? ಸಾಲಿನಲ್ಲಿ ನಿಂತಿದ್ದವರು 51. ರೋಗಿ ಒಬ್ಬನಿಗೆ ಮತ್ತೆ ಪಾಸಿಟಿವ್ ಬರುತ್ತದೆ. ಉಳಿದ 50 ಜನರಲ್ಲಿ ಶೇ 5ಕ್ಕೆ, ಅಂದರೆ ಸರಾಸರಿ ಎರಡೂವರೆ ಜನಕ್ಕೆ ಬರುತ್ತದೆ. ಮೂರೂವರೆಯಲ್ಲಿ ಒಂದು ಎಂದರೆ ಸುಮಾರು ಶೇ 29. ಎರಡು ಸಲ ಪಾಸಿಟಿವ್ ಬಂದ ಮೇಲೂ ಕಾಯಿಲೆ ಇಲ್ಲದಿರುವ ಸಂಭವವೇ ಹೆಚ್ಚು. ಇಲ್ಲೊಂದು ಊಹೆ ಅಡಗಿದೆ: ಎರಡನೆಯ ಸಲದ ತಪ್ಪಿಗೂ ಮೊದಲ ಸಲದ ತಪ್ಪಿಗೂ ಸಂಬಂಧವಿಲ್ಲ ಎಂದು ನಾವು ಭಾವಿಸಿದ್ದೇವೆ. ಆ ವ್ಯಕ್ತಿಯ ರಕ್ತದಲ್ಲಿರುವ ಯಾವುದೋ ಅಂಶ ಪರೀಕ್ಷೆಯನ್ನು ಮೊದಲ ಸಲ ಮೋಸಗೊಳಿಸಿದ್ದರೆ ಎರಡನೆಯ ಸಲವೂ ಮೋಸಗೊಳಿಸುತ್ತದೆ; ಆಗ ಎರಡನೆಯ ಚೀಟಿಯಿಂದ ಹೊಸದೇನೂ ತಿಳಿಯುವುದಿಲ್ಲ, ಸಂಭವನೀಯತೆ ಶೇ 2ರ ಸುತ್ತಲೇ ಉಳಿಯುತ್ತದೆ. 29ನ್ನು ಬರೆಯುವವರು ಈ ಊಹೆಯನ್ನು ಅದಕ್ಕಿಂತ ಮೇಲಿನ ಸಾಲಿನಲ್ಲಿ ಬರೆದಿರಬೇಕು.